ತಕ್ಕಡಿಯ ಹೊಟ್ಟೆಯೊಳಗಿನ ಹಸಿರು ಹಲಗೆ

ಪುಣೆಯಲ್ಲಿ ಮನೆ ಮಾಡಿರುವ ಕನ್ನಡಿಗರಿಗೆ ಗುಲ್ಟೇಕಡಿಯ ಮಾರ್ಕೆಟ್ ಯಾರ್ಡನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ಬೇಸಿಗೆ ಕಾಲಿಡುತ್ತಿದ್ದಂತೆ ವರ್ಷದ ಖಾರಪುಡಿಗೆ ಬ್ಯಾಡಗಿ ಮೆಣಸಿನಕಾಯಿ ತರಲು, ಮಾವಿನ ಕಾಲದಲ್ಲಿ ಕರ್ನಾಟಕದ ಆಪೂಸಿನ ಪೆಟ್ಟಿಗೆ ಹುಡುಕಲು, ಮದುವೆ ಮುಂಜಿಗಳಿಗೆ ಅಕ್ಕಿ ಬೇಳೆ ಬೆಲ್ಲಗಳನ್ನು ಸಗಟಾಗಿ ಕೊಳ್ಳಲು ನಾವೆಲ್ಲ ಅಲ್ಲಿಗೆ ಹೋಗಿಬಂದವರೇ. ಬೆಲ್ಲ ಮತ್ತು ದವಸಗಳ ವಿಭಾಗದಲ್ಲಿ ಒಂದು ಸುತ್ತು ಹಾಕಿದರೆ ವಿಜಯಪುರದ ಕನ್ನಡವೋ ಬೆಳಗಾವಿಯ ಕನ್ನಡವೋ ಕಿವಿಗೆ ಬೀಳದೆ ಇರದು. ಮೆಣಸಿನಕಾಯಿಯ ಘಾಟಿಗೆ ಸೀನುತ್ತಲೇ ಊರಿನ ಮಳೆ ಬೆಳೆ ವಿಚಾರಿಸಿಕೊಂಡು ಬರುವ ಸುಖ ನಮ್ಮಲ್ಲಿ ಹಲವರಿಗೆ ಗೊತ್ತು.

ಅಲ್ಲಿ ಎಲ್ಲ ವ್ಯವಹಾರವೂ ಕೊನೆಗೆ ಬಂದು ನಿಲ್ಲುವುದು ತೂಕದ ಮೇಲೆ. ಸೇರು, ಮಣಗಳು ಹೋಗಿ ಕಿಲೋಗ್ರಾಮು ಬಂದದ್ದು 1956ರ ಕಾನೂನಿನ ಬಳಿಕ. 1958ರಿಂದ 1962ರೊಳಗೆ ದೇಶದ ಪೇಟೆಗಳೆಲ್ಲ ಹಂತಹಂತವಾಗಿ ಹೊಸ ಕಲ್ಲುಗಳಿಗೆ ಬದಲಾದವು. ಕಲ್ಲು ಬದಲಾದರೂ ತಕ್ಕಡಿ ಬದಲಾಗಲಿಲ್ಲ. ಚೀಲ ಎತ್ತುವ ಹಮಾಲ, ತೂಗುವ ತೋಲಣಾರ್, ಬರೆದುಕೊಳ್ಳುವ ಗುಮಾಸ್ತ, ಹೀಗೆ ಮೂವರ ಕಣ್ಣೆದುರಿಗೆ ಮುಳ್ಳು ನಿಲ್ಲಬೇಕಾಗಿತ್ತು. ಬಾಬಾ ಆಢಾವರು ಕಟ್ಟಿದ ಹಮಾಲ ಪಂಚಾಯತಿಯ ಹೋರಾಟ, 1969ರ ಮಾಥಾಡಿ ಕಾಯಿದೆ ಇವುಗಳ ಕಥೆಯೇ ಒಂದು ಪ್ರತ್ಯೇಕ ಲೇಖನಕ್ಕೆ ವಸ್ತು. ಅನಂತರ ಎಲೆಕ್ಟ್ರಾನಿಕ್ ಕಾಂಟಾ ಬಂತು. ಚೀಲವನ್ನು ಇಟ್ಟೊಡನೆ ಕೆಂಪು ಅಂಕಿಗಳು ತಾವೇ ಮೂಡುವಾಗ ತೂಗುವವನ ಕೂಲಿ ಯಾತಕ್ಕೆ ಎಂಬ ಜಗಳವೂ ಅದರ ಬೆನ್ನಿಗೇ ಬಂತು. ಆ ಜಗಳದ ನ್ಯಾಯಾನ್ಯಾಯ ಇಲ್ಲಿ ನಮಗೆ ಬೇಡ. ನಾವು ಹೇಳಹೊರಟಿರುವುದು ಆ ಕಾಂಟಾದ ಹೊಟ್ಟೆಯೊಳಗಿರುವ, ಅಂಗೈಯಗಲದ ಒಂದು ಹಸಿರು ಹಲಗೆಯ ಇತಿಹಾಸವನ್ನು. ಅದರ ನಕ್ಷೆಯನ್ನು ಬರೆಯುವ ಸಾಧನಗಳ ಇತಿಹಾಸವನ್ನು.

ಈ ವಿಷಯಕ್ಕೆ ನಾವು ಬಂದು ಬಿದ್ದದ್ದು ಆಕಸ್ಮಿಕವಾಗಿ. ನಮಗೆ ಪರಿಚಯದ ಅಡತಿ ಅಂಗಡಿಯೊಂದಿದೆ. ಯಜಮಾನರು ಇಂಡಿ ತಾಲೂಕಿನ ಕಡೆಯವರು. ಕಳೆದ ವರ್ಷ ಒಂದು ಬೆಳಿಗ್ಗೆ ಹೋದಾಗ ಅವರ ನೂರು ಕಿಲೋ ತೂಗುವ ಕಾಂಟಾ ಮೂಲೆಗೆ ಸರಿದಿತ್ತು. "ಏನ್ ಮಾಡೂದ್ರಿ ಸರ, ಹದಿನೈದ ವರ್ಷ ದುಡದೈತಿ, ಈಗ ಕಣ್ಣ ಮುಚ್ಚಿ ಕುಂತೈತಿ. ಕಬ್ಬಣ ಗಟ್ಟಿ ಐತಿ, ಒಳಗಿನ ಕಾರ್ಡ್ ಹೋಗೇತಿ ಅಂತಾನ ರಿಪೇರಿಯಾಂವ. ಆ ಕಾರ್ಡ್ ಈಗ ಸಿಗಂಗಿಲ್ಲಂತ" ಎಂದರು. ಕಬ್ಬಿಣ, ತಟ್ಟೆ, ತೂಕವನ್ನು ಅಳೆಯುವ ಲೋಡ್‌ಸೆಲ್ಲು ಎಲ್ಲವೂ ಸುಸ್ಥಿತಿಯಲ್ಲಿದ್ದು, ಕೆಲವು ನೂರು ರೂಪಾಯಿ ಬಾಳುವ ಹಲಗೆಯೊಂದು ಸಿಗದುದರಿಂದ ಇಡೀ ಯಂತ್ರ ಗುಜರಿಗೆ ಹೋಗಬೇಕು. ಇದೊಂದು ಅಂಗಡಿಯ ಕಥೆಯಲ್ಲ; ವಾಚಕರ ಮನೆಯ ಮಿಕ್ಸರು, ಇನ್ವರ್ಟರು, ವಾಷಿಂಗ್ ಮೆಷೀನುಗಳ ಕಥೆಯೂ ಇದೇ.

ನಮ್ಮ ತಂಗಿಯ ಮಗ ಇಲ್ಲಿಯೇ ಎಲೆಕ್ಟ್ರಾನಿಕ್ಸ್ ಓದುತ್ತಿದ್ದಾನೆ. ವಿಷಯ ಕೇಳಿ, "ಮಾಮಾ, ಆ ಬೋರ್ಡನ್ನು ನಾನೇ ಬರೀತೀನಿ, ಸಾಫ್ಟ್‌ವೇರಿಗೆ ಒಂದು ಪೈಸೆ ಕೊಡೋದು ಬೇಡ" ಎಂದ. ಹುಡುಗರ ಮಾತು ಎಂದುಕೊಂಡೆವು. ಆದರೆ ಆತ ಹೇಳಿದ 'ಒಂದು ಪೈಸೆ ಕೊಡದ' ಸಾಧನಗಳು ಎಲ್ಲಿಂದ ಬಂದವು, ಅವು ಏನು ಬಲ್ಲವು, ಏನು ಅರಿಯವು ಎಂದು ಬೆನ್ನು ಹತ್ತಿದಾಗ ತೊಂಬತ್ತು ವರ್ಷದ ಒಂದು ಚರಿತ್ರೆಯೇ ಎದುರಾಯಿತು.

ಮೊದಲು ಹಲಗೆಯ ಮಾತು. ರೇಡಿಯೋವಿನ ಒಳಭಾಗಗಳನ್ನು ತಂತಿಯಿಂದ ಒಂದೊಂದಾಗಿ ಬೆಸೆಯುತ್ತಿದ್ದ ಕಾಲದಲ್ಲಿ, ತಂತಿಗಳ ಬದಲು ತಾಮ್ರದ ತೆಳುಹಾಳೆಯನ್ನೇ ಬೇಕಾದ ದಾರಿಗಳಾಗಿ ಉಳಿಸಿ ಮಿಕ್ಕದ್ದನ್ನು ಆಮ್ಲದಲ್ಲಿ ಕರಗಿಸಿಬಿಡಬಹುದೆಂದು ತೋರಿಸಿದವನು ಪಾಲ್ ಐಸ್ಲರ್. ವಿಯೆನ್ನಾದಲ್ಲಿ 1907ರಲ್ಲಿ ಹುಟ್ಟಿದ ಯೆಹೂದಿ. ಸ್ವದೇಶದಲ್ಲಿ ಬಾಳುವೆ ಅಸಾಧ್ಯವಾಗಿ 1936ರಲ್ಲಿ ಲಂಡನ್ನಿಗೆ ಬಂದು, ಬಾಡಿಗೆ ಕೋಣೆಯಲ್ಲಿ ಕುಳಿತು ಇಂಥ ಹಲಗೆಯ ಮೇಲೆ ರೇಡಿಯೋ ಒಂದನ್ನು ಕಟ್ಟಿದ. ಯುದ್ಧ ಮುಗಿದ ಮೇಲೆ ಅದು ಲೋಕವನ್ನೆಲ್ಲ ವ್ಯಾಪಿಸಿತು. ಇಂದಿನ ಸಾಮಾನ್ಯ ಹಲಗೆ ಗಾಜಿನ ನೂಲು ಮತ್ತು ರಾಳದಿಂದಾದ, 1.6 ಮಿಲಿಮೀಟರ್ ದಪ್ಪದ ಫಲಕ. ಅದರ ಮೇಲಿನ ತಾಮ್ರ 35 ಮೈಕ್ರಾನ್, ಎಂದರೆ ನಮ್ಮ ತಲೆಗೂದಲಿನ ಅರ್ಧದಷ್ಟು ದಪ್ಪ.

ಎಲ್ಲಿ ತಾಮ್ರ ಉಳಿಯಬೇಕು, ಎಲ್ಲಿ ಹೋಗಬೇಕು ಎಂಬುದನ್ನು ತೋರಿಸುವ ಚಿತ್ರವೇ ಈ ವಿದ್ಯೆಯ ಜೀವಾಳ. ಮೂರು ನಾಲ್ಕು ದಶಕಗಳ ಕಾಲ ಆ ಚಿತ್ರವನ್ನು ಕೈಯಿಂದಲೇ ಮಾಡುತ್ತಿದ್ದರು. ಕೆಳಗೆ ದೀಪವಿರುವ ಗಾಜಿನ ಮೇಜು. ಅದರ ಮೇಲೆ ಮೈಲಾರ್ ಎಂಬ ಪಾರದರ್ಶಕ ಹಾಳೆ. ಹಾಳೆಯ ಮೇಲೆ ಕಪ್ಪು ಅಂಟುಪಟ್ಟಿಯ ದಾರಿಗಳು, ಕಾಲು ಕೂರುವಲ್ಲಿ ವಡೆಯಂತೆ ನಡುವೆ ತೂತುಳ್ಳ ದುಂಡು ಬಿಲ್ಲೆಗಳು. ನಿಜವಾದ ಅಳತೆಯ ಎರಡರಷ್ಟೋ ನಾಲ್ಕರಷ್ಟೋ ದೊಡ್ಡದಾಗಿ ಅಂಟಿಸಿ, ಆಮೇಲೆ ಕ್ಯಾಮರಾದಲ್ಲಿ ಕುಗ್ಗಿಸುವುದು. ಇಂಥ ಮೇಜಿನ ಮುಂದೆ ಬೆನ್ನು ಬಾಗಿಸಿ ಕುಳಿತಿದ್ದ ಡ್ರಾಫ್ಟ್ಸ್‌ಮನ್ನರನ್ನು ನಾವು ಎಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲಿ ಕಂಡಿದ್ದೇವೆ. ಸೆಕೆಗೆ ಅಂಟು ಬಿಟ್ಟು ಪಟ್ಟಿ ಸರಿದರೆ ಎರಡು ದಾರಿಗಳು ಕೂಡಿ ಇಡೀ ಹಲಗೆ ಕೆಟ್ಟಿತೆಂದೇ ಅರ್ಥ. ಬೀಸಣಿಗೆಯನ್ನು ಹಾಕುವಂತಿಲ್ಲ, ಬೆವರುವಂತೆಯೂ ಇಲ್ಲ ಎಂದು ಒಬ್ಬರು ನಗೆಯಾಡಿದ್ದು ನೆನಪಿದೆ.

ಕೈಯ ಅಂಟುಪಟ್ಟಿಯನ್ನು ಯಂತ್ರದ ಬೆಳಕಿಗೆ ಬದಲಿಸಿದವನೂ ವಿಯೆನ್ನಾದಿಂದ ಓಡಿಬಂದ ಯೆಹೂದಿಯೇ ಎಂಬುದು ಚರಿತ್ರೆಯ ಒಂದು ವಿಚಿತ್ರ. ಜೋಸೆಫ್ ಗರ್ಬರ್ 1924ರಲ್ಲಿ ಹುಟ್ಟಿದವನು. ನಾಜಿಗಳ ಕೈಗೆ ತಂದೆಯನ್ನು ಕಳೆದುಕೊಂಡು 1940ರಲ್ಲಿ ತಾಯಿಯೊಡನೆ ಅಮೆರಿಕ ಸೇರಿದ. ಅವನ ಕಂಪನಿ ಮಾಡಿದ ಫೋಟೋಪ್ಲಾಟರ್ ಎಂಬ ಯಂತ್ರ ಬೆಳಕಿನ ಲೇಖನಿಯಿಂದ ಫಿಲ್ಮಿನ ಮೇಲೆ ಹಲಗೆಯ ಚಿತ್ರ ಬರೆಯುತ್ತಿತ್ತು. ಆ ಯಂತ್ರಕ್ಕೆ 'ಇಲ್ಲಿಂದ ಇಲ್ಲಿಗೆ ಹೋಗು, ಇಲ್ಲಿ ದೀಪ ಹಚ್ಚು, ಇಲ್ಲಿ ಆರಿಸು' ಎಂದು ಹೇಳುವ ಸಂಕೇತಗಳ ಕಡತಕ್ಕೆ ಗರ್ಬರ್ ಎಂದೇ ಹೆಸರಾಯಿತು. 1980ರಲ್ಲಿ ಆ ಸಂಕೇತಗಳ ವಿವರಣೆಯನ್ನು ಕಂಪನಿ ಪ್ರಕಟಿಸಿತು. ಇದು ಮುಖ್ಯವಾದ ಮಾತು. ಯಾವ ತಂತ್ರಾಂಶದಲ್ಲಿ ಬರೆದರೂ ಕಾರ್ಖಾನೆಗೆ ಹೋಗುವಾಗ ನಕ್ಷೆ ಬಹುಮಟ್ಟಿಗೆ ಗರ್ಬರ್ ರೂಪದಲ್ಲಿಯೇ ಹೋಗುತ್ತದೆ. ಆ ಬಾಗಿಲು ಎಲ್ಲರಿಗೂ ತೆರೆದಿದೆ. ಇಂದು ಬಡ ಹುಡುಗನ ನಕ್ಷೆಗೂ ಬೃಹತ್ ಕಂಪನಿಯ ನಕ್ಷೆಗೂ ಒಂದೇ ಕಾರ್ಖಾನೆ ಹಲಗೆ ಮಾಡಿಕೊಡುತ್ತದೆಂದರೆ ಅದಕ್ಕೆ ಈ ತೆರೆದ ಬಾಗಿಲೇ ಕಾರಣ. ಪ್ರಾಸಂಗಿಕವಾಗಿ ಹೇಳುವುದಾದರೆ, ರಸಬಾಳೆಗೆ ಹೆಸರಾದ ನಮ್ಮ ನಂಜನಗೂಡಿನಲ್ಲಿಯೂ ಹಲಗೆಗಳನ್ನು ಮಾಡುವ ದೊಡ್ಡ ಕಾರ್ಖಾನೆಯಿದೆ. 1999ರಲ್ಲಿ ಅದನ್ನು ಕೊಂಡದ್ದು ಎಟಿ ಅಂಡ್ ಎಸ್ ಎಂಬ ಕಂಪನಿ. ಅದು ಮತ್ತೆ ಆಸ್ಟ್ರಿಯಾದ್ದೇ!

ಆದರೆ ಗರ್ಬರ್ ಎಂಬುದು ಅಚ್ಚಿಗೆ ಹೋಗುವ ಪುಟವಿದ್ದಂತೆ, ಬರೆದವನ ಹಸ್ತಪ್ರತಿಯಲ್ಲ. ಅದರಲ್ಲಿ ಗೆರೆಗಳಿರುತ್ತವೆ, ಆ ಗೆರೆ ಏಕೆ ಅಲ್ಲಿದೆ ಎಂಬುದಿರುವುದಿಲ್ಲ. ತಿದ್ದಬೇಕಾದರೆ ಮೂಲ ಕಡತವೇ ಬೇಕು. ಮೂಲ ಕಡತ ಬರೆಯುವ ತಂತ್ರಾಂಶಗಳು ಸಣ್ಣ ಗಣಕಗಳ ಮೇಲೆ ಬಂದದ್ದು ಎಂಬತ್ತರ ದಶಕದ ನಡುವಿನಲ್ಲಿ: ಅಮೆರಿಕದ ಆರೆಗಾನ್‌ನಲ್ಲಿ ಆರ್ಕ್ಯಾಡ್, ಆಸ್ಟ್ರೇಲಿಯದ ಟಾಸ್ಮೇನಿಯಾದಲ್ಲಿ ಪ್ರೊಟೆಲ್, ಎರಡೂ 1985ರಲ್ಲಿ, ಜರ್ಮನಿಯಲ್ಲಿ ಈಗಲ್ 1988ರಲ್ಲಿ. ಪ್ರೊಟೆಲ್ಲೇ ಮುಂದೆ ಆಲ್ಟಿಯಮ್ ಎಂದು ಹೆಸರು ಬದಲಿಸಿಕೊಂಡಿತು. ಇವು ಉತ್ತಮ ಸಾಧನಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಬೆಲೆ ನಮ್ಮ ಸಣ್ಣ ಉದ್ದಿಮೆಗಳ ಕೈಗೆ ಎಟುಕುತ್ತಿರಲಿಲ್ಲ. ಗಣಕದ ಬೆನ್ನಿಗೆ 'ಡಾಂಗಲ್' ಎಂಬ ಬೀಗದ ಕೈ ಸಿಕ್ಕಿಸದಿದ್ದರೆ ಹಲವು ತಂತ್ರಾಂಶಗಳು ಏಳುತ್ತಲೇ ಇರಲಿಲ್ಲ. ಫಲವಾಗಿ ಕದ್ದ ಪ್ರತಿಗಳು ಬುಧವಾರ ಪೇಠೆಯ ತಾಪಕೀರ್ ಗಲ್ಲಿಯಲ್ಲೂ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೂ ಓಡಾಡಿದವೆಂದರೆ ಯಾರಿಗೂ ಆಶ್ಚರ್ಯವಾಗಲಾರದು. ನಮ್ಮಲ್ಲಿ ಒಂದು ತಲೆಮಾರು ಈ ವಿದ್ಯೆಯನ್ನು ಕಲಿತದ್ದು ಹೆಚ್ಚಾಗಿ ಕದ್ದ ಪ್ರತಿಗಳಲ್ಲಿಯೇ. ಇದನ್ನು ಹೆಮ್ಮೆಯಿಂದ ಹೇಳುವುದೂ ಅಲ್ಲ, ಮುಚ್ಚಿಡುವುದೂ ಸಲ್ಲ.

ಇತ್ತ ಇನ್ನೊಂದು ಹೊಳೆ ಮೆಲ್ಲಗೆ ಹರಿಯುತ್ತಿತ್ತು. ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಸಾರಿದ, ತಂತ್ರಾಂಶದ ಒಳಗನ್ನು ಎಲ್ಲರೂ ಓದಬಹುದು, ತಿದ್ದಬಹುದು, ಹಂಚಬಹುದು ಎಂಬ ತತ್ತ್ವದ ಹೊಳೆ ಅದು. ಜರ್ಮನಿಯಲ್ಲಿ ತಾಮಸ್ ನೌ ಎಂಬಾತ 1990ರಲ್ಲಿ ಅತಾರಿ ಗಣಕಕ್ಕೆ ಹಲಗೆ ಬರೆಯುವ ಪುಟ್ಟ ತಂತ್ರಾಂಶವೊಂದನ್ನು ಮಾಡಿದ್ದ. ಫ್ರಾನ್ಸಿನ ಗ್ರೆನೋಬಲ್ ಬಳಿಯ ತಾಂತ್ರಿಕ ಶಿಕ್ಷಣ ಸಂಸ್ಥೆಯಲ್ಲಿ ಪಾಠ ಹೇಳುತ್ತಿದ್ದ ಜಾನ್-ಪಿಯರ್ ಶರಾಸ್ 1992ರಲ್ಲಿ ಕಿಕ್ಯಾಡ್ ಆರಂಭಿಸಿದರು. ಅಲೆಸ್ ಹ್ವೆಜ್ದಾ 1998ರಲ್ಲಿ ಜಿಇಡಿಎ ಎಂಬ ಮತ್ತೊಂದು ಯೋಜನೆಗೆ ಕೈಹಾಕಿದ. ಒಬ್ಬ ಮೇಷ್ಟರು ಬಿಡುವಿನ ವೇಳೆಯಲ್ಲಿ ಮಾಡಿದ ಕೆಲಸ ಬಹುಕಾಲ ಹಾಗೆಯೇ ಕಾಣುತ್ತಿತ್ತು ಎಂಬುದನ್ನೂ ಹೇಳಬೇಕು. ಸರ್ಕ್ಯೂಟು ಬರೆಯುವುದು ಒಂದು ಕಿಟಕಿಯಲ್ಲಿ, ಬಿಡಿಭಾಗಕ್ಕೆ ಪಾದ ಹೊಂದಿಸುವುದು ಇನ್ನೊಂದರಲ್ಲಿ, ಹಲಗೆ ಬರೆಯುವುದು ಮತ್ತೊಂದರಲ್ಲಿ. ಒಂದರ ಮಾತು ಇನ್ನೊಂದಕ್ಕೆ ತಿಳಿಯದು. ಉದ್ಯಮದವರು ಅದನ್ನು ಆಟಿಕೆ ಎಂದು ಕರೆದರೆ ತಪ್ಪೆನ್ನುವಂತಿರಲಿಲ್ಲ.

ಅದು ಆಟಿಕೆಯ ಹೆಸರು ಕಳೆದುಕೊಂಡದ್ದು ಜಿನೀವಾದ ಸರ್ನ್ ಪ್ರಯೋಗಾಲಯ ಕೈಗೂಡಿಸಿದಾಗ. ಪರಮಾಣುವಿನ ಒಳಗನ್ನು ಕೆದಕುವ ಆ ವಿಜ್ಞಾನಿಗಳಿಗೆ ಈ ಬಡ ತಂತ್ರಾಂಶದ ಗೊಡವೆ ಏಕೆಂದು ವಾಚಕರು ಕೇಳಬಹುದು. ಅಲ್ಲಿನ ಎಂಜಿನಿಯರುಗಳು ತಮ್ಮ ಹಲಗೆಗಳ ನಕ್ಷೆಗಳನ್ನು ಲೋಕಕ್ಕೆ ಬಿಟ್ಟುಕೊಡಬೇಕೆಂದು 2011ರಲ್ಲಿ ಒಂದು ಮುಕ್ತ ಯಂತ್ರಾಂಶ ಲೈಸೆನ್ಸನ್ನೇ ರೂಪಿಸಿದರು. ನಕ್ಷೆ ಕೊಟ್ಟಾಯಿತು. ಆದರೆ ಅದನ್ನು ತೆರೆದು ತಿದ್ದಬೇಕಾದರೆ ದುಬಾರಿ ತಂತ್ರಾಂಶ ಬೇಕು! ಗ್ರಂಥಾಲಯದ ಬಾಗಿಲು ತೆರೆದಿಟ್ಟು ಕಪಾಟುಗಳಿಗೆ ಬೀಗ ಹಾಕಿದಂತಾಯಿತು. ಆದ್ದರಿಂದ 2013ರಿಂದ ಅವರು ಕಿಕ್ಯಾಡಿಗೆ ತಮ್ಮ ಎಂಜಿನಿಯರುಗಳ ದುಡಿಮೆಯನ್ನು ಸೇರಿಸಿದರು. ಹೊಸ ದಾರಿ ಎಳೆಯುವಾಗ ಅಡ್ಡ ಬಂದ ಹಳೆಯ ದಾರಿಗಳನ್ನು ತಾನೇ ನೂಕಿ ಜಾಗ ಮಾಡಿಕೊಳ್ಳುವ ಸಾಮರ್ಥ್ಯ ಕಿಕ್ಯಾಡಿಗೆ ಬಂದದ್ದು ಹಾಗೆ. ಸಂತೆಯ ಜನಸಂದಣಿಯಲ್ಲಿ ತಲೆಯ ಮೇಲೆ ಚೀಲ ಹೊತ್ತ ಹಮಾಲ "ಬಾಜೂ, ಬಾಜೂ" ಎನ್ನುತ್ತ ನುಗ್ಗುವುದನ್ನು ಕಂಡವರಿಗೆ ಇದರ ಚಂದ ತಿಳಿದೀತು.

ಇಲ್ಲಿ ನಮ್ಮ ಬೆಂಗಳೂರಿನ ಒಂದು ಪ್ರಯತ್ನವನ್ನು ನೆನೆಯದೆ ಮುಂದೆ ಹೋಗಲಾರೆವು. ಸರ್ನ್ ಈ ದಾರಿಗೆ ಬರುವುದಕ್ಕೆ ಒಂದು ದಶಕ ಮೊದಲೇ, ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ಸ್ವಾಮಿ ಮನೋಹರ್, ವಿಜಯ್ ಚಂದ್ರು ಮೊದಲಾದವರು ಎಂಕೋರ್ ಸಾಫ್ಟ್‌ವೇರ್ ಕಂಪನಿಯೊಡನೆ ಸೇರಿ ಸಿಂಪ್ಯೂಟರ್ ಎಂಬ ಕೈಗಣಕವನ್ನು ರೂಪಿಸಿದರು. 1999ರಲ್ಲಿ ಅದಕ್ಕಾಗಿ ಒಂದು ಟ್ರಸ್ಟ್ ಆಯಿತು. 2001ರಲ್ಲಿ ಮಾದರಿ ಹೊರಬಂತು. 2004ರಲ್ಲಿ ಬೆಂಗಳೂರಿನ ಬಿ.ಇ.ಎಲ್. ಅದನ್ನು ಅಮಿಡಾ ಎಂಬ ಹೆಸರಿನಲ್ಲಿ ತಯಾರಿಸಿತು. ಅದರ ಯಂತ್ರಾಂಶದ ನಕ್ಷೆಗೂ ಒಂದು ಸಾರ್ವಜನಿಕ ಲೈಸೆನ್ಸ್ ಬರೆದಿದ್ದರು. ಮಾಡಿ ಮಾರುವವರು ಟ್ರಸ್ಟಿಗೆ ಶುಲ್ಕ ಕೊಟ್ಟು, ತಾವು ಮಾಡಿದ ಸುಧಾರಣೆಗಳನ್ನು ಕಾಲಕ್ರಮದಲ್ಲಿ ಹಿಂದಿರುಗಿಸಬೇಕೆಂಬುದು ಅದರ ತಿರುಳು. ಸಿಂಪ್ಯೂಟರ್ ಎಣಿಸಿದಷ್ಟು ನಡೆಯಲಿಲ್ಲ. ಮೊಬೈಲ್ ಫೋನು ಅದರ ಜಾಗವನ್ನು ನುಂಗಿತು. ಆದರೆ ಹಲಗೆಯ ನಕ್ಷೆಯೂ ಹಂಚಿಕೊಳ್ಳಬಹುದಾದ ವಿದ್ಯೆ ಎಂಬ ವಿಚಾರವನ್ನು ಕಾನೂನಿನ ಮಾತಿನಲ್ಲಿ ಬರೆದಿಟ್ಟ ಮೊದಲಿಗರ ಸಾಲಿನಲ್ಲಿ ಕನ್ನಡನಾಡಿನ ಈ ಮೇಷ್ಟರುಗಳು ಇದ್ದರೆಂಬುದು ನಮ್ಮ ಮಕ್ಕಳಿಗೆ ತಿಳಿದಿರಬೇಕು. ಪುಣೆಯ ಸಮೀಪದಲ್ಲೂ ಇದರ ನೆಂಟಸ್ತಿಕೆಯುಂಟು. ನಾರಾಯಣಗಾಂವದ ಹತ್ತಿರ ಖೋಡದದಲ್ಲಿರುವ 30 ಬೃಹತ್ ರೇಡಿಯೋ ದೂರದರ್ಶಕಗಳನ್ನು ಆಧುನೀಕರಿಸಿದಾಗ, ಅವುಗಳ ಸಂಕೇತಗಳನ್ನು ಸಂಸ್ಕರಿಸಲು ರೋಚ್ ಎಂಬ, ನಕ್ಷೆ ಸಾರ್ವಜನಿಕವಾಗಿರುವ ಹಲಗೆಗಳನ್ನೇ ಬಳಸಿಕೊಂಡರು.

ಮತ್ತೆ ಮಾರ್ಕೆಟ್ ಯಾರ್ಡಿಗೆ ಬರೋಣ. ಕಾಂಟಾ ಮಾಡಿದ್ದ ಕಾರ್ಖಾನೆ ಮುಚ್ಚಿ ವರ್ಷಗಳಾಗಿದ್ದವು. ಅದರ ಹಳೆಯ ಯಜಮಾನರನ್ನು ಹುಡುಕಿಕೊಂಡು ನಾವಿಬ್ಬರೂ ಹೋದೆವು. ಸಜ್ಜನರು; ಚಹ ಕೊಟ್ಟು ಕೂರಿಸಿ, ಕಪಾಟಿನಿಂದ ಒಂದು ಸಿ.ಡಿ. ತೆಗೆದುಕೊಟ್ಟರು. ಆ ಕಾರ್ಡಿನ ಮೂಲ ಕಡತ ಅದರಲ್ಲಿದೆ, ಆದರೆ ಅದನ್ನು ತೆರೆಯುವ ತಂತ್ರಾಂಶವಿದ್ದ ಗಣಕವೂ ಅದರ ಬೀಗದ ಕೈಯೂ ಗುಜರಿಗೆ ಹೋದವು ಎಂದರು. ಹುಡುಗ ಮನೆಯಲ್ಲಿ ಎರಡು ದಿನ ಹೆಣಗಿದ. ಕಡತ ಬಾಯಿ ಬಿಡಲಿಲ್ಲ. ಅದೇ ಕಪಾಟಿನಲ್ಲಿ, ಸುರುಳಿ ಸುತ್ತಿದ್ದ ಮೈಲಾರ್ ಹಾಳೆಯೊಂದೂ ಇತ್ತು. ಅವರು ಎಂಬತ್ತರ ದಶಕದಲ್ಲಿ ತಯಾರಿಸಿದ್ದ, ಈ ಕಾಂಟಾಕ್ಕಿಂತ ಹಳೆಯ ಮಾದರಿಯದು. ಕಿಟಕಿಯ ಬೆಳಕಿಗೆ ಹಿಡಿದೊಡನೆ ಒಂದೊಂದು ದಾರಿಯೂ ಕಂಡಿತು. ನಲವತ್ತು ವರ್ಷ ಹತ್ತಿರವಾದ ಅಂಟುಪಟ್ಟಿಯನ್ನು ಬರಿಗಣ್ಣು ಓದಿತು. ಹದಿನೈದು ವರ್ಷದ ಕಡತವನ್ನು ಯಾರೂ ಓದಲಾರರು. ಯಜಮಾನರು ಆ ಹಾಳೆಯನ್ನು ಮತ್ತೆ ಸುತ್ತಿಡುವಾಗ ನಾವು ಯಾರೂ ಮಾತಾಡಲಿಲ್ಲ.

ಇದು ಒಂದು ಸಣ್ಣ ಕಾರ್ಖಾನೆಯ ದುರದೃಷ್ಟವಷ್ಟೇ ಅಲ್ಲ. ಲಕ್ಷಾಂತರ ಹವ್ಯಾಸಿಗಳೂ ಸಣ್ಣ ಉದ್ದಿಮೆಗಳೂ ನೆಚ್ಚಿಕೊಂಡಿದ್ದ ಈಗಲ್ ತಂತ್ರಾಂಶವನ್ನು 2016ರಲ್ಲಿ ಆಟೋಡೆಸ್ಕ್ ಕಂಪನಿ ಕೊಂಡಿತು. 2017ರಲ್ಲಿ ಒಮ್ಮೆ ಕೊಳ್ಳುವ ಪದ್ಧತಿ ಹೋಗಿ ಚಂದಾ ಪದ್ಧತಿ ಬಂತು. 2026ರ ಜೂನ್ 7ಕ್ಕೆ ಅದನ್ನು ನಿಲ್ಲಿಸುವುದಾಗಿ 2023ರಲ್ಲಿ ಪ್ರಕಟಣೆ ಹೊರಟಿತು. ಮೂಲೆಗೆ ಬಿದ್ದ ಆ ಕಡತಗಳಿಗೆ ಆಶ್ರಯ ಕೊಟ್ಟದ್ದರಲ್ಲಿ ಕಿಕ್ಯಾಡೂ ಒಂದು. 2018ರ ಐದನೆಯ ಆವೃತ್ತಿಯಿಂದ ಅದು ಈಗಲ್ ಕಡತಗಳನ್ನು, 2021ರ ಆರನೆಯದರಿಂದ ಆಲ್ಟಿಯಮ್ ಕಡತಗಳನ್ನು ತೆರೆಯಬಲ್ಲುದು. ಕಿಕ್ಯಾಡಿನ ಸ್ವಂತ ಕಡತವೋ ಬರಿಯ ಅಕ್ಷರಗಳ ಸಾಲು. ಬೇರೇನೂ ಇಲ್ಲದಿದ್ದರೂ ಟಿಪ್ಪಣಿ ಬರೆಯುವ ಯಾವುದೇ ತಂತ್ರಾಂಶದಲ್ಲಿ ತೆರೆದು ಓದಬಹುದು. ನಮ್ಮ ಮಟ್ಟಿಗೆ ಹೇಳುವುದಾದರೆ, ಅದರ ಎಲ್ಲ ಚಮತ್ಕಾರಗಳಿಗಿಂತ ಹಿರಿದಾದ ಗುಣ ಇದು.

ಚಮತ್ಕಾರಗಳೂ ಕಡಮೆಯಿಲ್ಲ. ಈಗಲ್‌ನ ಉಚಿತ ಪ್ರತಿ ಬಹುಕಾಲ ಎರಡು ಪದರ, 100 ಮಿ.ಮೀ.ಗೆ 80 ಮಿ.ಮೀ. ಎಂಬ ಎಲ್ಲೆಯೊಳಗೆ ಕಟ್ಟಿಹಾಕುತ್ತಿತ್ತು. ಕಿಕ್ಯಾಡಿನಲ್ಲಿ 32 ತಾಮ್ರದ ಪದರಗಳವರೆಗೆ ಹೋಗಬಹುದು. ಬಲ್ಗೇರಿಯದ ಒಲಿಮೆಕ್ಸ್ ಕಂಪನಿ 64 ಬಿಟ್ ಪ್ರೊಸೆಸರ್ ಮತ್ತು ವೇಗದ ಸ್ಮೃತಿಯುಳ್ಳ ಗಣಕಫಲಕವನ್ನೂ, ಟೆರೆಸ್ ಎಂಬ ಲ್ಯಾಪ್‌ಟಾಪನ್ನೂ ಇದರಲ್ಲಿಯೇ ಬರೆಯಿತು. ಹಲಗೆ ತಯಾರಾಗುವ ಮೊದಲೇ ಅದನ್ನು ಮೂರು ಆಯಾಮಗಳಲ್ಲಿ ತಿರುಗಿಸಿ ನೋಡಬಹುದು. ಅಮೆರಿಕದ ಬರ್ಕ್ಲಿಯಲ್ಲಿ 1973ರಲ್ಲಿ ಹುಟ್ಟಿದ ಸ್ಪೈಸ್ ತಂತ್ರಾಂಶದ ಕುಡಿಯಾದ ಎನ್‌ಜಿಸ್ಪೈಸ್ ಕೂಡಿಕೊಂಡು, ಸರ್ಕ್ಯೂಟು ನಡೆದೀತೇ ಎಂದು ಪರೀಕ್ಷಿಸಿಕೊಳ್ಳಲೂಬಹುದು. ಮುಂಬಯಿಯ ಐ.ಐ.ಟಿ.ಯ ಫಾಸೀ ಯೋಜನೆಯವರು ಇವೆರಡನ್ನೂ ಸೇರಿಸಿ ಇ-ಸಿಮ್ ಎಂಬುದನ್ನು ನಮ್ಮ ಕಾಲೇಜುಗಳಿಗೆಂದೇ ಮಾಡಿದ್ದಾರೆ. ಅದೇ ಸಂಸ್ಥೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆ ಹಲವು ಮುಕ್ತ ತಂತ್ರಾಂಶಗಳ ಪಾಠಗಳನ್ನು ಕನ್ನಡದ ಧ್ವನಿಯಲ್ಲಿಯೂ ಕೊಟ್ಟಿದೆ.

ಹಾಗಾದರೆ ಕೊರತೆ ಎಲ್ಲಿ? ಹುಡುಗನ ಅನುಭವವನ್ನೇ ಹೇಳುತ್ತೇವೆ. ಕಾಂಟಾದ ಹಳೆಯ ಬಿಡಿಭಾಗಗಳು ಪೇಟೆಯಲ್ಲಿ ಇರಲಿಲ್ಲ. ಹಳೆಯ ಕಾರ್ಡಿನೊಳಗಿನ ಪ್ರೋಗ್ರಾಮೂ ತೆಗೆಯಲು ಬರುವಂತಿರಲಿಲ್ಲ. ಆದ್ದರಿಂದ ಅದೇ ಮೊಳೆತೂತುಗಳಿಗೆ ಕೂರುವ, ಅದೇ ಲೋಡ್‌ಸೆಲ್ಲಿಗೆ ಹೊಂದುವ ಹೊಸ ಹಲಗೆಯನ್ನೇ ಬರೆದ. ತೂಕದ ಯಂತ್ರಗಳಿಗೆಂದೇ ಮಾಡಿದ ಎಚ್‌ಎಕ್ಸ್ 711 ಎಂಬ ಅಗ್ಗದ ಚೀನೀ ಚಿಪ್ಪು, ಅದಕ್ಕೆ ವಿದ್ಯುತ್ತನ್ನು ಹದಗೊಳಿಸುವ ಒಂದು ಟ್ರಾನ್ಸಿಸ್ಟರು, ಸಣ್ಣದೊಂದು ನಿಯಂತ್ರಕ. ಕಿಕ್ಯಾಡಿನ ನಿಯಮಪರೀಕ್ಷೆ 'ದೋಷಗಳು: ಸೊನ್ನೆ' ಎಂದಿತು. ಗರ್ಬರ್ ಕಳಿಸಿದ, ಹತ್ತು ದಿನಕ್ಕೆ ಐದು ಹಲಗೆಗಳು ಬಂದವು. ಬೆಸೆದು ನೋಡಿದರೆ ಚಿಪ್ಪಿಗೆ ವಿದ್ಯುತ್ತೇ ಹೋಗದು. ಇಡೀ ರಾತ್ರಿ ಮೀಟರು ಹಿಡಿದು ಕುಳಿತ ಮೇಲೆ ಗೊತ್ತಾಯಿತು: ಟ್ರಾನ್ಸಿಸ್ಟರಿಗೆ ಮೂರು ಕಾಲು, ಯಾವ ಕಾಲು ಯಾವುದು ಎಂಬುದಕ್ಕೆ ಆರು ಸಾಧ್ಯತೆಗಳು, ಒಬ್ಬೊಬ್ಬ ತಯಾರಕನದು ಒಂದೊಂದು. ತಂತ್ರಾಂಶದ ಭಂಡಾರದಿಂದ ಆತ ಆರಿಸಿದ ಗುರುತು ಒಂದು ಕ್ರಮದ್ದು, ತಾಪಕೀರ್ ಗಲ್ಲಿಯಿಂದ ತಂದ ವಸ್ತು ಇನ್ನೊಂದರದ್ದು. ಹೇಳಿದ್ದು ಹೇಳಿದಂತೆ ಆಗಿದೆಯೇ ಎಂದು ಮಾತ್ರ ಪರೀಕ್ಷೆ ನೋಡುತ್ತದೆ. ಹೇಳಿದ್ದೇ ತಪ್ಪಾದರೆ ಅದೇನು ಮಾಡೀತು? ದುಬಾರಿ ತಂತ್ರಾಂಶದವರೂ ಇದರಿಂದ ಪೂರ್ತಿ ಪಾರಾಗಿಲ್ಲ. ಆದರೆ ಅವರಿಗೆ ತಯಾರಕರೊಡನೆ ಹೊಂದಿಸಿದ, ಬೆಲೆ ಮತ್ತು ದಾಸ್ತಾನಿನ ವಿವರವೂ ಜೊತೆಗಿರುವ ಭಂಡಾರಗಳಿವೆ. ತಪ್ಪಿದರೆ ಫೋನು ಮಾಡಿ ಬಯ್ಯಲು ಒಬ್ಬರಿದ್ದಾರೆ. ಇಲ್ಲಿ ಸ್ವಯಂಸೇವಕರ ಭಂಡಾರ, ನಮ್ಮ ಕಣ್ಣೇ ಕಾವಲು.

ಎರಡನೆಯ ಹಲಗೆ ಎದ್ದಿತು, ಆದರೆ ಕೊನೆಯ ಅಂಕಿ ನಿಲ್ಲಲೊಲ್ಲದು. ಇದಕ್ಕೆ ಕಾರಣ ಸ್ವಾರಸ್ಯವಾದದ್ದು. ಲೋಡ್‌ಸೆಲ್ಲಿಗೆ 5 ವೋಲ್ಟ್ ಕೊಟ್ಟರೆ ಪೂರ್ತಿ ನೂರು ಕಿಲೋ ಭಾರಕ್ಕೆ ಅದು ಹಿಂದಿರುಗಿಸುವುದು ಸುಮಾರು 10 ಮಿಲಿವೋಲ್ಟ್. ನೂರು ಕಿಲೋವನ್ನು ಹತ್ತು ಹತ್ತು ಗ್ರಾಮಿಗೆ ಭಾಗಿಸಿದರೆ 10,000 ಹೆಜ್ಜೆ; ಎಂದರೆ ಒಂದು ಹೆಜ್ಜೆಗೆ ವೋಲ್ಟಿನ ಹತ್ತು ಲಕ್ಷದಲ್ಲೊಂದು ಪಾಲು. ಅಂಕಿ ಬೆಳಗುವ ದೀಪಗಳ ವಿದ್ಯುತ್ತು ಹಿಂದಿರುಗುವ ದಾರಿಯಲ್ಲೇ ಈ ಸೂಕ್ಷ್ಮ ಸಂಕೇತವೂ ನಡೆದರೆ, ಲಾರಿಯ ಪಕ್ಕ ನಿಂತು ಪಿಸುಮಾತು ಕೇಳಿದಂತೆ. ಎರಡಕ್ಕೂ ಬೇರೆ ದಾರಿ ಮಾಡಿ, ಒಂದೇ ಕಡೆ ಕೂಡಿಸಬೇಕೆಂದು ಕಾಲೇಜಿನ ಅಧ್ಯಾಪಕರೊಬ್ಬರು ಹೇಳಿಕೊಟ್ಟ ಮೇಲೆ ಸರಿಹೋಯಿತು. ಈ ಚಿಕ್ಕ ಹಲಗೆಗೆ ಒಬ್ಬ ಅನುಭವಿಯ ಕಣ್ಣು ಸಾಕು. ಅತಿವೇಗದ ಸಂಕೇತಗಳ ದೊಡ್ಡ ಹಲಗೆಗಳಲ್ಲಿ ಕಣ್ಣು ಸಾಲದು. ಗೆರೆಗೆರೆಯ ಸುತ್ತಣ ವಿದ್ಯುತ್ ಕಾಂತ ಕ್ಷೇತ್ರ, ವಿದ್ಯುತ್ತಿನ ಹಂಚಿಕೆ, ಶಾಖ ಇವನ್ನೆಲ್ಲ ಲೆಕ್ಕ ಹಾಕುವ ಉಪಕರಣಗಳು ಬೇಕು. ಅವು ದೊಡ್ಡ ಕಂಪನಿಗಳ ತಂತ್ರಾಂಶಗಳಲ್ಲಿವೆ. ಕಿಕ್ಯಾಡಿನಲ್ಲಿ ಆ ಮಟ್ಟಕ್ಕೆ ಇಲ್ಲ. ದಾರಿಗಳನ್ನೆಲ್ಲ ತಾನೇ ಎಳೆದುಕೊಡುವ ಯಂತ್ರವೂ ಅದರೊಳಗಿಲ್ಲ. ಫ್ರೀರೂಟಿಂಗ್ ಎಂಬ ಹೊರಗಿನ ನೆಂಟನನ್ನು ಕರೆಯಬೇಕು. ಹತ್ತು ಜನ ಏಕಕಾಲಕ್ಕೆ ಒಂದೇ ಹಲಗೆಯ ಮೇಲೆ ಕೆಲಸ ಮಾಡುವ ಏರ್ಪಾಡೂ ಇಲ್ಲ. ಹೊಸ ಆವೃತ್ತಿಯಲ್ಲಿ ಉಳಿಸಿದ್ದನ್ನು ಹಳೆಯದು ತೆರೆಯದು. ವಿಂಡೋಸ್ 7 ಇರುವ ಹಳೆಯ ಗಣಕಗಳಲ್ಲಿ ಹೊಸ ಆವೃತ್ತಿ ನಡೆಯದು. ಹಳೆಯ ಗಣಕಗಳನ್ನೇ ಇಟ್ಟುಕೊಂಡಿರುವ ನಮ್ಮ ಎಷ್ಟೋ ಕಾಲೇಜುಗಳಿಗೆ ಇದು ಸಣ್ಣ ಮಾತಲ್ಲ. ಯೋಜನೆಯ ಬದುಕೂ ದಾನಿಗಳ ಮೇಲೆ, ಕೆಲವೇ ಬಲ್ಲವರ ದುಡಿಮೆಯ ಮೇಲೆ ನಿಂತಿದೆ. 2019ರಿಂದ ಲಿನಕ್ಸ್ ಫೌಂಡೇಶನ್ನಿನ ಆಸರೆ ಸಿಕ್ಕಿರುವುದು ಒಂದು ಸಮಾಧಾನ.

ಕಾಂಟಾ ಮತ್ತೆ ಕಣ್ಣು ತೆರೆಯಿತು. ತೂಕದ ಕಲ್ಲುಗಳನ್ನಿಟ್ಟು ನೋಡಿದರೆ ಕೂದಲೆಳೆಯಷ್ಟೂ ತಪ್ಪಿಲ್ಲ. ಅಡತಿ ಯಜಮಾನರು ಹಿಗ್ಗಿ, ಹುಡುಗನ ಬೆನ್ನು ತಟ್ಟಿ, "ಭಾಳ ಛಲೋ ಮಾಡಿದಿ ತಮ್ಮಾ" ಎಂದು ಒಂದು ಬೆಲ್ಲದ ಪೆಂಟೆಯನ್ನೇ ಹೊರಿಸಿ ಕಳಿಸಿದರು. ಆದರೆ ಲೈಸೆನ್ಸುಳ್ಳ ರಿಪೇರಿಯವರು ಬಂದು ನೋಡಿ ತಲೆಯಾಡಿಸಿದರು. 2009ರ ಕಾನೂನುಮಾಪನ ಕಾಯಿದೆಯ ಪ್ರಕಾರ ವ್ಯಾಪಾರದ ಕಾಂಟಾದ ಮಾದರಿಗೆ ಸರಕಾರದ ಒಪ್ಪಿಗೆ ಬೇಕು. ವರ್ಷಕ್ಕೊಮ್ಮೆ ಪರೀಕ್ಷೆಯಾಗಿ ಮುದ್ರೆ ಬೀಳಬೇಕು. ಒಳಗಿನ ಹಲಗೆಯನ್ನೇ ಬದಲಿಸಿದರೆ ಅದು ಒಪ್ಪಿಗೆ ಪಡೆದ ಮಾದರಿಯಲ್ಲ. ಮುದ್ರೆ ಹಾಕಿಸಲಾಗದು ಎಂದರು. ಹುಡುಗನ ಮುಖ ಬಾಡಿತು. ನಮಗೂ ಬೇಸರವಾಯಿತು, ಆದರೂ ಅವರ ಮಾತನ್ನು ತಪ್ಪೆನ್ನಲಾರೆವು. ಯಾರು ಬೇಕಾದರೂ ಕಾಂಟಾದ ಹಲಗೆ ಬರೆಯಬಹುದು ಎಂದಾದರೆ, ಕಿಲೋಗೆ ಐವತ್ತು ಗ್ರಾಮು ನುಂಗುವ ಹಲಗೆಯನ್ನೂ ಬರೆಯಬಹುದು. ಮೆಣಸಿನಕಾಯಿಯ ಚೀಲ ಹೊತ್ತು ತಂದ ರೈತ ಆ ಕೆಂಪು ಅಂಕಿಗಳನ್ನು ನಂಬಿಯೇ ನಿಂತಿರುತ್ತಾನಲ್ಲವೇ.

ಯಜಮಾನರು ಮುದ್ರೆಯುಳ್ಳ ಹೊಸ ಕಾಂಟಾ ಕೊಂಡರು. ಹಳೆಯದನ್ನು ಗುಜರಿಗೆ ಹಾಕಲು ಮನಸ್ಸಾಗದೆ ನಮ್ಮ ಸಂಘಕ್ಕೆ ಕೊಟ್ಟಿದ್ದಾರೆ. ಕೊಳ್ಳುವ ಕೊಡುವ ಮಾತಿಲ್ಲದ್ದರಿಂದ ಅಲ್ಲಿ ಅದಕ್ಕೆ ಮುದ್ರೆ ಬೇಡ. ಈ ಸಲದ ರಾಜ್ಯೋತ್ಸವದ ಊಟಕ್ಕೆ ಅಕ್ಕಿ, ತೊಗರಿಬೇಳೆಗಳನ್ನು ಅಳೆದದ್ದು ಅದರಲ್ಲಿಯೇ. ನಕ್ಷೆಯ ಮೂಲ ಕಡತವನ್ನು ಹುಡುಗ ಯಾರು ಬೇಕಾದರೂ ತೆಗೆದುಕೊಳ್ಳುವಂತೆ ಅಂತರಜಾಲದಲ್ಲಿ ಇಟ್ಟಿದ್ದಾನೆ. ಕಾರ್ಖಾನೆಯ ಹಳೆಯ ಯಜಮಾನರಿಗೂ ಒಂದು ಪ್ರತಿಯನ್ನು ಕಾಗದದ ಮೇಲೆ ಅಚ್ಚು ಹಾಕಿ ಕೊಟ್ಟುಬಂದ.

ಅಡುಗೆಮನೆಯಲ್ಲಿ ಕಾಂಟಾದ ಮುಚ್ಚಳ ತೆಗೆದು ಅವನು ನಮಗೊಂದು ಸಂಗತಿ ತೋರಿಸಿದ. ಕಿಕ್ಯಾಡಿನ 2023ರ ಏಳನೆಯ ಆವೃತ್ತಿಯಿಂದ ಗಣಕದಲ್ಲಿರುವ ಯಾವುದೇ ಅಕ್ಷರಮಾದರಿಯನ್ನು ಹಲಗೆಯ ಮೇಲೆ ಬಳಸಬಹುದಂತೆ. ಹಸಿರಿನ ಮೇಲೆ ಬಿಳಿಯ ಶಾಯಿಯಲ್ಲಿ 'ತಕ್ಕಡಿ' ಎಂದು ಬರೆದಿದ್ದ. ಮೊದಲ ಸಲದ ಹಲಗೆಯಲ್ಲಿ ಅಕ್ಷರ ತೀರ ಸಣ್ಣದಾಗಿ, ಕಾರ್ಖಾನೆಯ ಶಾಯಿ ಹರಡಿ, 'ಕ'ಕಾರದ ಒತ್ತು ಬರಿಯ ಚುಕ್ಕೆಯಾಗಿ ಮುಚ್ಚಿಹೋಗಿತ್ತು. ಎರಡನೆಯ ಸಲ ಮೂರು ಮಿಲಿಮೀಟರಿನಷ್ಟು ದೊಡ್ಡದು ಮಾಡಿದ. ಒತ್ತು ಈಗ ಕನ್ನಡಕವಿಲ್ಲದೆಯೂ ಕಾಣುತ್ತದೆ.